ಕೊಡೆ ಮೇಲೆ, ಮನೆ ಕೆಳಗೆ

ರಾತ್ರಿ ಜೋರು ಮಳೆ ಹೊಯ್ದಿದೆ. ಬೆಳಗ್ಗೆ ಪಾರ್ಕಿಗೆ ಹೋದರೆ, ನಿನ್ನೆ ಸಂಜೆ ನೀವು ಬ್ಯಾಟು ಬೀಸಿದ ಅದೇ ಹುಲ್ಲಿನ ಮೇಲೆ ಏಳೆಂಟು ಬಿಳಿ ಕೊಡೆಗಳು ಬಿಚ್ಚಿಕೊಂಡು ನಿಂತಿವೆ. ಬೆಂಗಳೂರಿನ ರಾಜಾಜಿನಗರವಿರಲಿ, ವಿಜಯನಗರವಿರಲಿ, ಮಳೆಗಾಲದಲ್ಲಿ ಇದನ್ನು ನೋಡದ ಮಕ್ಕಳಿಲ್ಲ.

“ನಾಯಿಕೊಡೆ ಕಣೋ, ಮುಟ್ಟಬೇಡ” ಎನ್ನುತ್ತಾರೆ ಅಜ್ಜಿ. “ರಾತ್ರಿ ಗುಡುಗಿತಲ್ಲ, ಅದಕ್ಕೇ ಎದ್ದಿವೆ” ಎನ್ನುತ್ತಾರೆ ವಾಕಿಂಗ್ ಬಂದ ತಾತ.

ಅಜ್ಜಿಯ ಮಾತು ಅರ್ಧ ಸರಿ. ಮುಟ್ಟಿದರೆ ಏನೂ ಆಗುವುದಿಲ್ಲ, ಆಮೇಲೆ ಕೈ ತೊಳೆದರಾಯಿತು. ಬಾಯಿಗೆ ಮಾತ್ರ ಹಾಕಲೇಬಾರದು. ತಾತನ ಮಾತನ್ನು ಕೇಳಿ ನಗಬೇಡಿ. ಜಪಾನಿನ ಇವಾಟೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಣಬೆ ಬೆಳೆಸುವ ಮರದ ದಿಮ್ಮಿಗಳಿಗೆ ಸಿಡಿಲಿನ ಹಾಗೆ ಕ್ಷಣಮಾತ್ರ ವಿದ್ಯುತ್ ಹಾಯಿಸಿ ನೋಡಿದ್ದಾರೆ. ಕೆಲವು ಜಾತಿಯ ಅಣಬೆಗಳ ಫಸಲು ನಿಜಕ್ಕೂ ಹೆಚ್ಚಿತು. ಆದರೆ ನಮ್ಮ ಪಾರ್ಕಿನ ಕೊಡೆಗಳಿಗೆ ಮುಖ್ಯವಾಗಿ ಬೇಕಾದದ್ದು ನೀರು. ಅವು ಒಂದೇ ರಾತ್ರಿಯಲ್ಲಿ ಹುಟ್ಟಿದವೂ ಅಲ್ಲ. ಮಣ್ಣಿನೊಳಗೆ ಗುಂಡುಸೂಜಿಯ ತಲೆಯಷ್ಟು ಗಾತ್ರದ ಮೊಗ್ಗುಗಳು ಮೊದಲೇ ತಯಾರಾಗಿ ಕೂತಿದ್ದವು. ಕಾಂಡ, ಟೋಪಿ, ಟೋಪಿಯ ಅಡಿಯ ಪದರ ಎಲ್ಲವೂ ಚಿಕ್ಕದಾಗಿ ಅದರೊಳಗೇ ಇದ್ದವು. ಮಳೆ ಬಂದಾಗ ಜೀವಕೋಶಗಳು ನೀರು ಹೀರಿ ಉಬ್ಬಿದವು, ಅಷ್ಟೆ. ಹೊಸ ಜೀವಕೋಶ ಮಾಡಿಕೊಳ್ಳಲು ಹೊತ್ತು ಬೇಕು, ಇರುವುದನ್ನು ಉಬ್ಬಿಸಲು ಒಂದು ರಾತ್ರಿ ಸಾಕು.

ಹಾಗಾದರೆ ಕೊಡೆಗಿಂತ ಮೊದಲು ಅಲ್ಲಿ ಯಾರಿದ್ದರು?

ಒಂದು ಕಡ್ಡಿ ತೆಗೆದುಕೊಂಡು ಕೊಡೆಯ ಬುಡದ ಮಣ್ಣನ್ನು ಮೆಲ್ಲಗೆ ಕೆದಕಿ. ಬಿಳಿ ಎಳೆಗಳು ಕಾಣುತ್ತವೆ. ಒಂಟಿ ಎಳೆ ನಿಮ್ಮ ತಲೆಕೂದಲಿಗಿಂತ ಹತ್ತಿಪ್ಪತ್ತು ಪಟ್ಟು ತೆಳು, ಬರಿಗಣ್ಣಿಗೆ ಕಾಣದು. ನಿಮಗೆ ಕಂಡದ್ದು ಹಲವು ಎಳೆಗಳ ಜಡೆ. ಈ ಎಳೆಗಳ ಜಾಲವೇ ನಿಜವಾದ ಜೀವಿ. ಅದರ ಹೆಸರು ಶಿಲೀಂಧ್ರ. ಮಾವಿನ ಮರಕ್ಕೆ ಮಾವಿನಕಾಯಿ ಹೇಗೋ ಈ ಜಾಲಕ್ಕೆ ಅಣಬೆ ಹಾಗೆ. ಕಾಯಿ ಕಿತ್ತರೆ ಮರ ಸಾಯುವುದಿಲ್ಲವಲ್ಲ? ಮಾಲಿ ಅಣ್ಣ ಕೊಡೆಗಳನ್ನೆಲ್ಲ ಕಿತ್ತು ಬಿಸಾಡಿದರೂ ಜಾಲ ಕೆಳಗೆ ಹಾಯಾಗಿರುತ್ತದೆ.

ಈ ಜಾಲಕ್ಕೆ ಬಾಯಿಲ್ಲ, ಹೊಟ್ಟೆಯೂ ಇಲ್ಲ. ಎಳೆಯ ತುದಿಯಿಂದ ಜೀರ್ಣರಸ ಹೊರಗೆ ಸುರಿಸುತ್ತದೆ, ಒಣಹುಲ್ಲೋ ಸತ್ತ ಬೇರೋ ಅಲ್ಲೇ ಕರಗುತ್ತದೆ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ನಾವು ಊಟವನ್ನು ಹೊಟ್ಟೆಯೊಳಗೆ ಹಾಕಿಕೊಳ್ಳುತ್ತೇವೆ, ಶಿಲೀಂಧ್ರ ತಾನೇ ಊಟದೊಳಗೆ ಹೊಕ್ಕು ಕೂರುತ್ತದೆ! ಎಲೆಯ ಹಾಗೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳಲು ಬಾರದ್ದರಿಂದ ಅದು ಗಿಡವಲ್ಲ. ಪ್ರಾಣಿಯೂ ಅಲ್ಲ. ಆದರೆ ಸಂಬಂಧ ಹುಡುಕುತ್ತಾ ಹೋದರೆ ಗಿಡಗಳಿಗಿಂತ ನಮಗೇ ಹತ್ತಿರ. ಜಿರಳೆಯ ಬೆನ್ನಿನ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವೇ ಶಿಲೀಂಧ್ರದ ಜೀವಕೋಶದ ಗೋಡೆಯಲ್ಲೂ ಇದೆ.

ಎಷ್ಟು ಬಗೆಯ ಶಿಲೀಂಧ್ರಗಳಿವೆ ಗೊತ್ತೇ? ವಿಜ್ಞಾನಿಗಳು ಹೆಸರಿಟ್ಟಿರುವುದು ಸುಮಾರು 1,55,000. ಭೂಮಿಯ ಮೇಲೆ ಇರಬಹುದಾದದ್ದು 25 ಲಕ್ಷದಷ್ಟು ಎಂದು ಅಂದಾಜು. ಅಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಶಿಲೀಂಧ್ರಗಳಿಗೆ ಇನ್ನೂ ನಾಮಕರಣವೇ ಆಗಿಲ್ಲ. ಅಯ್ಯಂಗಾರ್ ಬೇಕರಿಯ ಬನ್ನನ್ನು ಉಬ್ಬಿಸುವ ಯೀಸ್ಟ್ ಈ ಕುಲದ್ದೇ, ಮರೆತುಹೋದ ಟಿಫಿನ್ ಡಬ್ಬಿಯ ಬೂಷ್ಟೂ ಇದೇ ಕುಲದ್ದು.

ಪಾರ್ಕಿನ ಕೊಡೆಗೆ ಬರೋಣ. ಅದು ಅಂಗೈ ಅಗಲ ಇದ್ದು, ಬಿಳಿ ಟೋಪಿಯ ಮೇಲೆ ಕಂದು ಬಣ್ಣದ ಚಕ್ಕೆಗಳಿದ್ದರೆ ಬಗ್ಗಿ ಅಡಿಯನ್ನು ನೋಡಿ. ಪದರಗಳು ಮೊದಲು ಬೆಳ್ಳಗಿದ್ದು ಬಲಿತ ಮೇಲೆ ಹಸಿರು ಛಾಯೆಗೆ ತಿರುಗಿದ್ದರೆ ಅದು ಕ್ಲೋರೋಫಿಲಮ್ ಎಂಬ ವಿಷದ ಅಣಬೆ. ತಿಂದವರಿಗೆ ವಾಂತಿ, ಭೇದಿ ಹಿಡಿಯುತ್ತದೆ. ಬಿಸಿನಾಡುಗಳ ಹುಲ್ಲುಹಾಸಿನಲ್ಲೆಲ್ಲ ಸಿಗುವ ಇದು ಎಳೆಯದರಲ್ಲಿ ಎಷ್ಟು ಸಾಧುವಾಗಿ ಕಾಣುತ್ತದೆಂದರೆ, ಅಣಬೆ ಬಲ್ಲೆ ಎನ್ನುವ ದೊಡ್ಡವರೂ ಏಮಾರುತ್ತಾರೆ. ಬೆಳ್ಳಗಿದ್ದರೆ ತಿನ್ನಬಹುದು, ಹುಳ ತಿಂದಿದ್ದರೆ ತಿನ್ನಬಹುದು, ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಎಂಬ ಮಾತುಗಳಿವೆಯಲ್ಲ, ಒಂದೂ ನಂಬುವಂಥದ್ದಲ್ಲ. ತಿನ್ನುವ ಅಣಬೆ ಬೇಕಾದರೆ ಅಂಗಡಿಗೆ ಹೋಗಿ.

ಪಾರ್ಕಿನಿಂದ ರಸ್ತೆಗೆ ಬನ್ನಿ. ಬಸವೇಶ್ವರನಗರದಂಥ ಬಡಾವಣೆಗಳ ಹಳೆಯ ಗುಲ್‌ಮೊಹರ್ ಮರಗಳ ಬುಡ ನೋಡುತ್ತಾ ನಡೆಯಿರಿ. ಕೆಲವು ಮರಗಳ ಬುಡದಲ್ಲಿ ಅರ್ಧವೃತ್ತದ ಗಟ್ಟಿ ತಟ್ಟೆಯೊಂದು ಚಾಚಿಕೊಂಡಿರುತ್ತದೆ. ಮೇಲ್ಭಾಗ ಕೆಂಪುಗಂದು, ಅಂಚು ಬಿಳಿ. ಬೆರಳಲ್ಲಿ ತಟ್ಟಿದರೆ ಮರವನ್ನೇ ತಟ್ಟಿದ ಸದ್ದು. ಅದರ ಮೇಲೆ, ಸುತ್ತಲಿನ ಕಲ್ಲಿನ ಮೇಲೆ, ಕಂದು ಪುಡಿ ಉದುರಿರುತ್ತದೆ. ಇದು ಗ್ಯಾನೊಡರ್ಮ. ತಿಪಟೂರು, ಅರಸೀಕೆರೆ ಕಡೆಯ ನೆಂಟರಿದ್ದರೆ ಕೇಳಿ ನೋಡಿ; ತೆಂಗಿನ ತೋಟದವರಿಗೆ ಇದು ‘ಅಣಬೆ ರೋಗ’ವಾಗಿ ಚೆನ್ನಾಗಿ ಗೊತ್ತು. ತೆಂಗಿನ ಬುಡದಿಂದ ಕೆಂಪುಗಂದು ರಸ ಸೋರತೊಡಗಿದರೆ ಅವರ ಎದೆ ಧಸಕ್ಕೆನ್ನುತ್ತದೆ.

ಆ ಕಂದು ಪುಡಿಯೇ ಬೀಜಕಗಳು. ಗಿಡಕ್ಕೆ ಬೀಜವಿದ್ದಂತೆ ಶಿಲೀಂಧ್ರಕ್ಕೆ ಬೀಜಕ. ಗ್ಯಾನೊಡರ್ಮದ ಒಂದು ಜಾತಿಯ ದೊಡ್ಡ ತಟ್ಟೆ ದಿನವೊಂದಕ್ಕೆ ಸುಮಾರು 3,000 ಕೋಟಿ ಬೀಜಕ ಉದುರಿಸುತ್ತದೆ. ಅಷ್ಟರಲ್ಲಿ ನೆಲೆ ಸಿಗುವುದು ಎಲ್ಲೋ ಒಂದಕ್ಕೆ. ನೆಲೆ ಎಂದರೆ ಗಾಯ. ಕೇಬಲ್ಲಿಗೋ ಪೈಪಿಗೋ ರಸ್ತೆ ಅಗೆದಾಗ ಬೇರು ಕತ್ತರಿಸಿಹೋಗುತ್ತದಲ್ಲ, ಅಲ್ಲಿಂದ ಒಳಹೊಕ್ಕ ಎಳೆಗಳು ವರ್ಷಗಟ್ಟಲೆ ಮರದೊಳಗೆ ಕೆಲಸ ಮಾಡುತ್ತವೆ. ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿ ಕರಗಿಸಬಲ್ಲವರು ಈ ಜಗತ್ತಿನಲ್ಲಿ ಕೆಲವೇ ಮಂದಿ, ಅವರಲ್ಲಿ ಮುಂದಾಳುಗಳು ಇಂಥ ಶಿಲೀಂಧ್ರಗಳು. ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದ ಸುದ್ದಿ ಬಂದಾಗ ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಮುರಿದ ಬುಡವನ್ನು ಹತ್ತಿರದಿಂದ ನೋಡಿದರೆ ಎಷ್ಟೋ ಸಲ ಒಳಗೆಲ್ಲ ಬೆಳ್ಳಗೆ, ನಾರುನಾರಾಗಿ, ಉಗುರಲ್ಲಿ ಕೀಳುವಷ್ಟು ಮೆತ್ತಗಿರುತ್ತದೆ. ನನ್ನನ್ನು ಕೇಳಿದರೆ ತಪ್ಪು ಶಿಲೀಂಧ್ರದ್ದೂ ಅಲ್ಲ. ಬೇರು ಕಡಿದವರದ್ದು, ಬುಡದವರೆಗೂ ಕಾಂಕ್ರೀಟ್ ಸುರಿದವರದ್ದು. ಕಾಡಿನಲ್ಲಿ ಇದೇ ಶಿಲೀಂಧ್ರ ಟೊಳ್ಳು ಮಾಡಿಕೊಟ್ಟ ಮರದಲ್ಲಿ ಗಿಳಿ, ಗೂಬೆಗಳು ಸಂಸಾರ ಹೂಡುತ್ತವೆ.

ಇನ್ನೂ ಪಶ್ಚಿಮಕ್ಕೆ ಹೋದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಸುಮಾರು 1,100 ಎಕರೆ. ಕೆಂಗೇರಿಯಿಂದ ಸ್ವಲ್ಪ ತೆಂಕಣಕ್ಕೆ ತುರಹಳ್ಳಿಯ ಕುರುಚಲು ಕಾಡು. ಎರಡೂ ಕಡೆ ಒಂದು ಕಾಲಕ್ಕೆ ನೀಲಗಿರಿ ನೆಟ್ಟಿದ್ದರು. ನೀಲಗಿರಿ ಆಸ್ಟ್ರೇಲಿಯಾದ ಮರ. ಪರದೇಶಕ್ಕೆ ಬಂದ ಈ ಮರ ತನ್ನ ಗೆಳೆಯರನ್ನು ಬಿಟ್ಟು ಬಾಳುವುದಿಲ್ಲ. ನೀಲಗಿರಿ ತೋಪಿನ ನೆಲದಲ್ಲಿ ಮಳೆಗಾಲದಲ್ಲಿ ಹುಡುಕಿದರೆ ಟೋಪಿಯೂ ಇಲ್ಲದ, ಕಾಂಡವೂ ಇಲ್ಲದ, ಮಣ್ಣುಬಣ್ಣದ ಗಡ್ಡೆಗಳು ಸಿಗಬಹುದು. ಒಡೆದರೆ ಒಳಗೆಲ್ಲ ಕಂದು ಪುಡಿ. ಪೈಸೊಲಿಥಸ್ ಎಂದು ಇದರ ಹೆಸರು. ಇದರ ಎಳೆಗಳು ನೀಲಗಿರಿಯ ಎಳೆಬೇರಿಗೆ ಕವಚದಂತೆ ಸುತ್ತಿಕೊಂಡು ನೀರು, ರಂಜಕ ತಂದುಕೊಡುತ್ತವೆ. ಮರ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಬೇರು-ಶಿಲೀಂಧ್ರಗಳ ಈ ಕೂಡುಬಾಳಿಗೆ 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ ಮೈಕೋರೈಜಾ ಎಂದು ಹೆಸರಿಟ್ಟರು.

ಇದು ನೀಲಗಿರಿಯೊಂದರ ಕಥೆಯಲ್ಲ. ಕೆಂಗೇರಿಯ ಆಚೆ ಇನ್ನೂ ಉಳಿದಿರುವ ರಾಗಿ ಹೊಲಕ್ಕೆ ಹೋಗಿ. ರಾಗಿಯ ಬೇರಿನಲ್ಲಿ ಇನ್ನೊಂದು ಗುಂಪಿನ ಶಿಲೀಂಧ್ರವಿದೆ, ಅದು ಬೇರನ್ನು ಸುತ್ತುವುದಿಲ್ಲ, ಜೀವಕೋಶದೊಳಕ್ಕೇ ನುಗ್ಗಿ ಪುಟ್ಟ ಮರದ ಹಾಗೆ ಕವಲೊಡೆಯುತ್ತದೆ. ಇದಕ್ಕೆ ಅಣಬೆ ಬಿಡುವ ಅಭ್ಯಾಸವಿಲ್ಲ. ಮಣ್ಣಿನೊಳಗೇ ಬೀಜಕ ಇಟ್ಟು ಸುಮ್ಮನಾಗುತ್ತದೆ, ಹಾಗಾಗಿ ಹುಲ್ಲುಗಾವಲು, ಹೊಲಗಳಲ್ಲಿ ನಾವು ಅದರ ಮೇಲೇ ನಡೆದಾಡಿದರೂ ಗೊತ್ತಾಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಗಿಡಗಳ ಪಳೆಯುಳಿಕೆಯಲ್ಲೂ ಇಂಥ ಶಿಲೀಂಧ್ರ ಕಂಡಿದೆ. ಆಗ ಗಿಡಗಳಿಗೆ ಸರಿಯಾದ ಬೇರುಗಳೇ ಇರಲಿಲ್ಲ! ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಈ ಬೇರು-ಗೆಳೆಯರ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದರು, ಯಾವ ಬೆಳೆಗೆ ಯಾವ ಶಿಲೀಂಧ್ರ ಹೊಂದುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿದರು.

ರಾಗಿ ಹೊಲದ ನಡುವೆ ಅಕ್ಕಡಿ ಸಾಲು ಹಾಕುತ್ತಾರಲ್ಲ, ಅವರೆ, ತೊಗರಿ, ಸಾಸಿವೆ? ಅದರಲ್ಲೊಂದು ತಮಾಷೆಯಿದೆ. ಅವರೆ, ತೊಗರಿಗಳು ರಾಗಿಯ ಹಾಗೇ ಶಿಲೀಂಧ್ರದೊಂದಿಗೆ ಕೊಡುಕೊಳ್ಳುವುದು ಇಟ್ಟುಕೊಂಡಿವೆ. ಸಾಸಿವೆ ಮಾತ್ರ ಒಂಟಿ. ಸಾಸಿವೆ, ಎಲೆಕೋಸು, ಮೂಲಂಗಿಗಳ ಮನೆತನವೇ ಹಾಗೆ, ಈ ಗೆಳೆತನಕ್ಕೆ ಬಾಗಿಲು ತೆರೆಯುವುದಿಲ್ಲ. ಒಂದೇ ಹೊಲ, ಒಂದೇ ಮಣ್ಣು, ಮೇಲೆ ನೋಡಿದರೆ ಎಲ್ಲ ಹಸಿರು. ಕೆಳಗೆ ಯಾರು ಯಾರ ಜೊತೆ ಎನ್ನುವ ಲೆಕ್ಕವೇ ಬೇರೆ.

ತುರಹಳ್ಳಿಯಲ್ಲಿ ಬಂಡೆ ಹತ್ತುವ ಅಣ್ಣ-ಅಕ್ಕಂದಿರು ಹಿಡಿತಕ್ಕೆ ಸಂದು ಹುಡುಕುತ್ತಾರೆ. ನೀವು ಬಂಡೆಯ ಮೇಲಿನ ಬೂದು, ಹಳದಿ, ತಿಳಿಹಸಿರು ಮಚ್ಚೆಗಳನ್ನು ಹುಡುಕಿ. ಅವು ಕಲ್ಲುಹೂ. ಒಂದು ಶಿಲೀಂಧ್ರ, ಒಂದು ಪಾಚಿ ಸೇರಿ ಕಟ್ಟಿದ ಜಂಟಿ ಮನೆ ಅದು. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಕಾಯುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಮಚ್ಚೆಗಳಿವು, ಅಂಗೈ ಅಗಲದ್ದು ಕಂಡರೆ ಅದು ನಿಮಗಿಂತ ಹಿರಿಯದ್ದಿರಬಹುದು, ಕೆರೆಯಬೇಡಿ. ಮರದ ತೊಗಟೆಯ ಮೇಲೆ ಬೆಳೆಯುವ ದೊಡ್ಡ ಜಾತಿಯ ಕಲ್ಲುಹೂ ನಿಮ್ಮ ಅಡುಗೆಮನೆಯಲ್ಲೇ ಇದ್ದೀತು. ಮಸಾಲೆ ಡಬ್ಬಿಯಲ್ಲಿ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದುಬಿಳಿ ಇರುವ ಸುಕ್ಕುಸುಕ್ಕು ಚೂರಿದ್ದರೆ ಅದೇ. ಕೆಲವರ ಮನೆಯ ಬಿಸಿಬೇಳೆಬಾತ್ ಪುಡಿಗೆ ಅದಿಲ್ಲದೆ ಘಮವೇ ಬಾರದು. ವಾಹನದ ಹೊಗೆ ದಟ್ಟವಾಗಿರುವ ಕಡೆ ಬಹುಪಾಲು ಕಲ್ಲುಹೂಗಳು ಬಾಳುವುದಿಲ್ಲ. ಮಾಗಡಿ ರಸ್ತೆಯ ಮರದ ಕಾಂಡವನ್ನೂ ಜ್ಞಾನಭಾರತಿಯ ಒಳಗಿನ ಮರದ ಕಾಂಡವನ್ನೂ ಪಕ್ಕಪಕ್ಕ ಫೋಟೊ ಇಟ್ಟು ಹೋಲಿಸಿ ನೋಡಿ, ಒಳ್ಳೆಯ ಪ್ರಾಜೆಕ್ಟ್ ಆದೀತು.

ಈಗ ಹುತ್ತ. ನನಗೆ ತೀರಾ ಇಷ್ಟವಾದ ಕಥೆ ಇದು.

ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತೇವೆ. ಹುತ್ತ ಕಟ್ಟಿದ್ದು ಗೆದ್ದಲು, ಹಾವು ಆಮೇಲೆ ಬಂದು ಸೇರಿಕೊಂಡದ್ದು ಎಂದು ಎಲ್ಲರಿಗೂ ಗೊತ್ತು. ಆದರೆ ಗೆದ್ದಲೂ ಅಲ್ಲಿ ಒಂಟಿಯಾಗಿಲ್ಲ. ನಮ್ಮ ಕಡೆ ಹುತ್ತ ಕಟ್ಟುವ ಓಡೊಂಟೊಟರ್ಮಿಸ್ ಎಂಬ ಗೆದ್ದಲಿಗೆ ಒಣ ಎಲೆ, ಕಡ್ಡಿಗಳನ್ನು ತಾನೇ ಪೂರ್ತಿ ಜೀರ್ಣಿಸಿಕೊಳ್ಳಲು ಬಾರದು. ಹಾಗಾಗಿ ಅದು ಬೇಸಾಯ ಮಾಡುತ್ತದೆ. ಕೆಲಸಗಾರ ಗೆದ್ದಲುಗಳು ಒಣ ಎಲೆ, ಕಟ್ಟಿಗೆಯ ಚೂರು ತಿಂದು, ಅರೆಬರೆ ಜೀರ್ಣವಾದ ಹಿಕ್ಕೆಯನ್ನು ಹುತ್ತದ ಒಳಗಿನ ಕೋಣೆಗಳಲ್ಲಿ ಒಟ್ಟುತ್ತವೆ. ಅದು ಕಂದುಬಣ್ಣದ, ತೂತುತೂತಾದ, ಹಗುರವಾದ ಗಡ್ಡೆಯಾಗುತ್ತದೆ. ಅದೇ ಹೊಲ. ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಹತ್ತಿರದಿಂದ ನೋಡಿದರೆ ಗಡ್ಡೆಯ ತುಂಬ ಸಬ್ಬಕ್ಕಿ ಚೆಲ್ಲಿದಂತೆ ಬಿಳಿಬಿಳಿ ಗುಂಡುಗಳು. ಮರಿಗೆದ್ದಲುಗಳಿಗೂ ರಾಣಿಗೂ ಪುಷ್ಟಿಯ ಆಹಾರ ಈ ತೋಟದಿಂದಲೇ. ಶಿಲೀಂಧ್ರ ಹದಮಾಡಿಟ್ಟ ಹಳೆಯ ಗಡ್ಡೆಯನ್ನು ದೊಡ್ಡ ಕೆಲಸಗಾರ ಗೆದ್ದಲುಗಳು ತಿನ್ನುತ್ತವೆ. ಮನುಷ್ಯರು ಬೇಸಾಯ ಕಲಿತು ಹನ್ನೆರಡು ಸಾವಿರ ವರ್ಷವಾಗಿದ್ದರೆ ಹೆಚ್ಚು. ಗೆದ್ದಲು ಈ ಕೆಲಸ ಹಿಡಿದು ಸುಮಾರು 3 ಕೋಟಿ ವರ್ಷ.

ಹೊಲ ಇದ್ದಮೇಲೆ ಕಳೆ ಇಲ್ಲದೆ ಇರುತ್ತದೆಯೇ? ಸೂಡೋಕ್ಸೈಲೇರಿಯ ಎಂಬ ಇನ್ನೊಂದು ಶಿಲೀಂಧ್ರ ಈ ತೋಟದೊಳಗೆ ಕಳೆಯಾಗಿ ಹೊಂಚುಹಾಕಿ ಕೂತಿರುತ್ತದೆ. ಗೆದ್ದಲು ಸ್ವಲ್ಪ ಮೈಮರೆತರೂ ಇಡೀ ತೋಟವನ್ನು ಆವರಿಸಿಬಿಡುತ್ತದೆ. ಕತ್ತಲ ಹುತ್ತದಲ್ಲಿ, ಕಣ್ಣೇ ಇಲ್ಲದ ಕೆಲಸಗಾರರಿಗೆ ಬೆಳೆ ಯಾವುದು, ಕಳೆ ಯಾವುದು ಹೇಗೆ ತಿಳಿಯಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತವರ ತಂಡ ಇದನ್ನೇ ಪರೀಕ್ಷಿಸಿತು. ಗೆದ್ದಲುಗಳ ಮುಂದೆ ಎರಡೂ ಶಿಲೀಂಧ್ರಗಳನ್ನು ಇಟ್ಟರು. ಕಳೆಯ ಮೇಲೆ ಗೆದ್ದಲುಗಳು ಮಣ್ಣಿನ ಉಂಡೆ ತಂದು ಪೇರಿಸಿ ಹೂತುಹಾಕಿದವು. ಗುಟ್ಟು ವಾಸನೆಯಲ್ಲಿತ್ತು: ಬೆಳೆಯ ವಾಸನೆಯೇ ಬೇರೆ, ಕಳೆಯ ವಾಸನೆಯೇ ಬೇರೆ. 2017ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಮುಂಗಾರು ನೆಲಕ್ಕಿಳಿದ ಮೇಲೆ ಒಂದು ದಿನ ಟರ್ಮಿಟೊಮೈಸಿಸ್ ಹುತ್ತದೊಳಗಿನ ಹೊಲದಿಂದ ಉದ್ದನೆಯ ಬೇರಿನಂಥ ಕಾಂಡವನ್ನು ಮಣ್ಣು ಸೀಳಿಕೊಂಡು ಮೇಲಕ್ಕೆ ಕಳಿಸುತ್ತದೆ, ನೆಲದ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಟೋಪಿಯ ನಡುವೆ ಮೊನೆಯಂಥ ಉಬ್ಬು. ಅದೇ ಮಣ್ಣು ಕೊರೆದ ಉಳಿ. ಹಳ್ಳಿಗಳಲ್ಲಿ ಹುತ್ತದ ಅಣಬೆಗೆ ಜನ ಬೆಳಗಿನ ಜಾವವೇ ಎದ್ದು ಹೋಗುತ್ತಾರೆ. ಬಟನ್ ಅಣಬೆ, ಚಿಪ್ಪಣಬೆಗಳ ಹಾಗೆ ಶೆಡ್ಡಿನಲ್ಲಿ ಸಲೀಸಾಗಿ ಬೆಳೆಯಲು ಇದು ಒಪ್ಪಿಲ್ಲ. ಗೆದ್ದಲಿಗೆ ಕೈಹಿಡಿದದ್ದು ನಮಗೆ ಹಿಡಿದಿಲ್ಲ. ಮನೆ ಕಟ್ಟುವಾಗ ಸೈಟಿನ ಹುತ್ತ ಒಡೆದು ಔಷಧ ಸುರಿದರೆ ಗೆದ್ದಲಿನ ಜೊತೆ ಈ ತೋಟವೂ ಹೋಯಿತು.

ಶಿಲೀಂಧ್ರ ಎಲ್ಲೆಲ್ಲಿ ಮೊಳೆಯಬಹುದು ಎನ್ನುವುದಕ್ಕೆ ಒಂದು ವಿಚಿತ್ರ ಉದಾಹರಣೆ ನಮ್ಮ ಕಾರ್ಕಳದ್ದೇ ಇದೆ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಿನ ಮಾಳ ಎಂಬಲ್ಲಿ ಲೋಹಿತ್ ಎಂಬ ಸಂಶೋಧಕರೂ ಅವರ ಗೆಳೆಯರೂ ರಸ್ತೆ ಬದಿಯ ಮಳೆನೀರಿನ ಹೊಂಡದಲ್ಲಿ ಕಪ್ಪೆಗಳನ್ನು ನೋಡುತ್ತಿದ್ದರು. ಒಂದು ಕಪ್ಪೆಯ ಪಕ್ಕೆಯ ಮೇಲೆ ಪುಟ್ಟ ಅಣಬೆ ನಿಂತಿತ್ತು! ಫೋಟೊ ನೋಡಿದ ತಜ್ಞರು, ಇದು ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ ಮೈಸೀನ ಜಾತಿಯದು ಎಂದರು. ಜೀವಂತ ಕಪ್ಪೆಯ ಮೇಲೆ ಅಣಬೆ ಬೆಳೆದದ್ದನ್ನು ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ. ಆ ತಂಡ ಕಪ್ಪೆಯನ್ನು ಹಿಡಿದು ತರಲಿಲ್ಲ, ಅದರ ಪಾಡಿಗೆ ಬಿಟ್ಟುಬಂದಿತು.

ಕೊಳೆತ ಕಟ್ಟಿಗೆ, ಉದುರೆಲೆ, ಸಗಣಿ. ಶಿಲೀಂಧ್ರಗಳ ವೈವಿಧ್ಯದ ದೊಡ್ಡ ಪಾಲು ನಿಂತಿರುವುದು ನಾವು ಕಸ ಎನ್ನುವ ಈ ಮೂರರ ಮೇಲೆ. ಪಾರ್ಕಿನ ಎಲೆಯನ್ನೆಲ್ಲ ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವುದನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ. ಅದೇ ಎಲೆಯನ್ನು ಮರದ ಬುಡಕ್ಕೆ ಒಟ್ಟಿದ್ದರೆ ಮುಂದಿನ ಮಳೆಗೆ ಏನೇನು ಏಳುತ್ತಿತ್ತೋ!

ಸಗಣಿಯ ಅಣಬೆಗಳಿಗೆ ಹುಲ್ಲುಗಾವಲೇ ತವರು. ನಗರದ ವಾಯವ್ಯಕ್ಕೆ ಹೆಸರಘಟ್ಟದ ಹುಲ್ಲುಗಾವಲಿದೆ. ಅಲ್ಲಿ ದನ ಮೇಯುತ್ತವೆ, ಸಗಣಿ ಹಾಕುತ್ತವೆ. ತಾನು ಹಾಕಿದ ಸಗಣಿಯ ಪಕ್ಕದ ಹುಲ್ಲನ್ನು ದನ ಮುಟ್ಟುವುದಿಲ್ಲ, ಗಮನಿಸಿದ್ದೀರಾ? ಪೈಲೊಬೊಲಸ್ ಎಂಬ ಸಗಣಿ ಶಿಲೀಂಧ್ರಕ್ಕೆ ಇದೇ ದೊಡ್ಡ ತೊಡಕು. ಅದರ ಬೀಜಕ ಮೊಳೆಯಬೇಕಾದರೆ ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿ ಸಗಣಿಯಾಗಿ ಹೊರಬರಬೇಕು. ದನವೋ ಹತ್ತಿರ ಬಾರದು. ಆದ್ದರಿಂದ ಅದು ಬೀಜಕದ ಗಂಟನ್ನು ಗುಂಡು ಹಾರಿಸಿದ ಹಾಗೆ ಹಾರಿಸುತ್ತದೆ. ಗಾಜಿನಂಥ ಪಾರದರ್ಶಕ ಕಾಂಡ, ತುದಿಯಲ್ಲಿ ನೀರು ತುಂಬಿದ ಉಬ್ಬು, ಅದರ ಮೇಲೆ ಕಪ್ಪು ಟೋಪಿ. ಎತ್ತರ ಕೆಲವು ಸೆಂಟಿಮೀಟರ್ ಇದ್ದರೆ ಹೆಚ್ಚು. ಉಬ್ಬಿನೊಳಗೆ ಒತ್ತಡ ಏರಿ ಏರಿ ಒಡೆದಾಗ ಟೋಪಿ ಎರಡು ಮೀಟರ್ ದೂರದವರೆಗೂ ಹಾರಿ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಹಾರುವ ಮುನ್ನ ಗುರಿಯನ್ನೂ ಇಡುತ್ತದೆ: ಬೆಳಕು ಯಾವ ಕಡೆಗಿದೆಯೋ ಆ ಕಡೆಗೆ ಕಾಂಡ ಬಾಗುತ್ತದೆ. ಬೆಳಕಿದ್ದ ಕಡೆ ಬಯಲು, ಬಯಲಿದ್ದ ಕಡೆ ಹುಲ್ಲು.

ಇದನ್ನು ಮನೆಯಲ್ಲೇ ನೋಡಬಹುದು, ಅಮ್ಮನನ್ನು ಒಪ್ಪಿಸುವುದು ನಿಮ್ಮ ಜವಾಬ್ದಾರಿ. ಹಸಿಹುಲ್ಲು ಮೇಯುವ ಹಸು ಎಲ್ಲಿದೆ ವಿಚಾರಿಸಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹಸಿ ಸಗಣಿಯ ಒಂದು ಮುದ್ದೆ ತನ್ನಿ. ಗಾಜಿನ ಜಾಡಿಯಲ್ಲಿ ಒದ್ದೆ ಕಾಗದ ಹಾಸಿ ಅದರ ಮೇಲಿಟ್ಟು ಸಡಿಲವಾಗಿ ಮುಚ್ಚಿ, ಬಾಲ್ಕನಿಯ ನೆರಳಲ್ಲಿಡಿ. ಜಾಡಿಯ ಸುತ್ತ, ಮುಚ್ಚಳಕ್ಕೂ ಸೇರಿಸಿ, ಕಪ್ಪು ಕಾಗದ ಸುತ್ತಿ, ಒಂದು ಪಕ್ಕದಲ್ಲಿ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ಕಿಂಡಿ ಬಿಡಿ. ಒಂದು ವಾರದೊಳಗೆ, ಸಗಣಿ ಒಳ್ಳೆಯದಿದ್ದರೆ, ಗಾಜಿನ ಕಾಂಡಗಳು ಏಳುತ್ತವೆ. ಅವು ಹಾರಿಸುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು. ಎರಡು ದಿನ ಬಿಟ್ಟು ಕಾಗದ ಬಿಚ್ಚಿ, ಗಾಜಿನ ಒಳಮೈಗೆ ಅಂಟಿದ ಕಪ್ಪು ಚುಕ್ಕೆಗಳನ್ನು ಎಣಿಸಿ: ಕಿಂಡಿ ಇದ್ದ ಕಡೆ ಎಷ್ಟು, ಉಳಿದ ಕಡೆಯೆಲ್ಲ ಸೇರಿ ಎಷ್ಟು? ಒಂದೂ ಏಳದಿದ್ದರೆ ಬೇರೆ ಹಸುವಿನ ಸಗಣಿ ತನ್ನಿ, ಮಾರ್ಕೆಟ್ಟಿನಲ್ಲಿ ಕಸ ತಿನ್ನುವ ಹಸುವಿನದು ಬೇಡ.